ಕಲ್ಲಿನ ಕಟ್ಟೆಗೆ ದುಂಡು ಸಿಂಕ್ ಕೂಡ್ರಿಸುವ ಮುನ್ನ



ಕಳೆದ ರವಿವಾರ ವಾಚನ ಕೂಟ ಮುಗಿದ ಮೇಲೆ ಚಹಾದ ಹೊತ್ತಿನಲ್ಲಿ ಮೂರ್ನಾಲ್ಕು ಮಂದಿ ನಮ್ಮ ಸಭಾಗೃಹದ ಹೊಸ ಸಿಂಕನ್ನು ಬಗ್ಗಿ ಬಗ್ಗಿ ನೋಡಿದರು. ಮನೆಯ ಬಾಲ್ಕನಿಯಲ್ಲಿ, ಊಟದ ಮೇಜಿನ ಪಕ್ಕದಲ್ಲಿ, ಸೊಸೆಯ ಸಣ್ಣ ಅಡಿಗೆಮನೆಯಲ್ಲಿ ಇಂಥದ್ದೇ ಒಂದನ್ನು ಕೂಡ್ರಿಸಬೇಕು, ಹೇಗೆ ಏನು ಎಂದು ಕೇಳಿದರು. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವುದಕ್ಕಿಂತ ಇಲ್ಲಿ ಬರೆಯುವುದೇ ಲೇಸೆನಿಸಿತು. ಇನ್ನೊಂದು ಕಾರಣವೂ ಇದೆ. ನಾವು ಮೊದಲ ಸಲ ಕೂಡ್ರಿಸಿದ ಸಿಂಕು ಕೆಟ್ಟಿತು, ಅದರ ತಪ್ಪಿನಲ್ಲಿ ದೊಡ್ಡ ಪಾಲು ನನ್ನದು. ವಾರ್ಷಿಕ ಜಮಾಖರ್ಚಿನಲ್ಲಿ ಅದು "ಕಟ್ಟಡ ದುರಸ್ತಿ" ಎಂಬ ಒಂದು ಸಾಲಿನೊಳಗೆ ಅಡಗಿ ಕೂತಿದೆ. ಸದಸ್ಯರಿಗೆ ಅದರ ವಿವರ ಗೊತ್ತಾಗಬೇಕು.

ಹಳಬರಿಗೆ ನೆನಪಿರಬಹುದು, ಸಭಾಗೃಹದ ಹಿಂದಿನ ಕೋಣೆಯಲ್ಲಿ ಎರಡು ಅಡಿ ಅಗಲದ ಕಡಪಾ ಕಲ್ಲಿನ ಕಟ್ಟೆ ಇತ್ತು. ನಮ್ಮ ಸೊಲ್ಲಾಪುರದಲ್ಲಿ ಮನೆಯೊಳಗೆ ಅಚ್ಚಗನ್ನಡ ಮಾತಾಡುವವರೂ ಅದಕ್ಕೆ "ಓಟಾ" ಎಂದೇ ಅನ್ನುತ್ತಾರೆ. ಅದರ ಮೇಲೆ ಸ್ಟೋ ಇಟ್ಟು ಚಹಾ ಕಾಯಿಸುತ್ತಿದ್ದೆವು. ಕಪ್ಪುಬಸಿ ತೊಳೆಯಲು ಹಿತ್ತಲಿನ ಮೋರಿಗೆ ಹೋಗಬೇಕಿತ್ತು. ಮಳೆಗಾಲದಲ್ಲಿ ವಯಸ್ಸಾದ ಅಕ್ಕನವರೊಬ್ಬರು ಅಲ್ಲಿ ಜಾರಿ ಬಿದ್ದ ಮೇಲೆ, ಕಟ್ಟೆಗೇ ಒಂದು ಸಣ್ಣ ಸಿಂಕು ಕೂಡ್ರಿಸುವುದೆಂದು ಕಾರ್ಯಕಾರಿ ಸಭೆಯಲ್ಲಿ ಠರಾವಾಯಿತು. 16 ಇಂಚಿನ ದುಂಡು ಸಿಂಕು ತಂದೆವು. ಡಬ್ಬಿಯ ಮೇಲೆ 405 ಮಿ.ಮೀ. ಎಂದು ಇತ್ತು. ನಾನು ಮೂವತ್ತೈದು ವರ್ಷ ಕಾಗದದ ಮೇಲೆ ಅಂಕಿ ಬರೆದವನು. ಗೌಂಡಿಗೆ ಚೀಟಿ ಬರೆದುಕೊಟ್ಟೆ: "ಕಡಪಾದಲ್ಲಿ 405 ಮಿ.ಮೀ. ದುಂಡು ಕಂಡಿ ಕೊರೆಯುವುದು." ಅವನು ಚೀಟಿಯಲ್ಲಿದ್ದಂತೆಯೇ ಕೊರೆದ. ಸಿಂಕು ಸೀದಾ ಒಳಗಿಳಿಯಿತು.

405 ಅನ್ನುವುದು ಸಿಂಕಿನ ಅಂಚಿನ ಹೊರಗಿನ ಅಳತೆ. ಕಂಡಿ ಅದಕ್ಕಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ಅಂಚು ಯಾವುದರ ಮೇಲೆ ಕೂಡ್ರಬೇಕು? ಇದು ಆಮೇಲೆ ಎಲ್ಲರಿಗೂ ಹೊಳೆಯುವ ಮಾತು. ಆ ಹೊತ್ತಿಗೆ ನಾವು ಮಾಡಿದ್ದೇನೆಂದರೆ, ಕೆಳಗೆ ಕಟ್ಟಿಗೆಯ ಚೌಕಟ್ಟು ಕೊಟ್ಟು ಸಿಂಕನ್ನು ಎತ್ತಿ ಹಿಡಿದು, ಸುತ್ತಲಿನ ಸಂದಿಗೆ ಬಿಳಿ ಸಿಮೆಂಟು ತುಂಬಿ, ಮೇಲೆ ಸಿಲಿಕೋನ್ ಎಳೆದೆವು. ನೋಡಲು ಬಹಳ ಚೆಂದ ಇತ್ತು, ಸಿಂಕು ಕಲ್ಲಿಗೆ ಸಮತಟ್ಟಾಗಿ ಕೂತಿತ್ತು. ಅಧ್ಯಕ್ಷರು ಹೊಗಳಿದರು. ನಾನೂ ಸುಮ್ಮನೆ ಹೊಗಳಿಸಿಕೊಂಡೆ.

ಸ್ಟೀಲಿಗೆ ಸಿಮೆಂಟು ಅಂಟುವುದಿಲ್ಲ. ಬಿಸಿ ನೀರು ಬಿದ್ದಾಗ ಸ್ಟೀಲು ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ; ಪಾತ್ರೆ ಇಟ್ಟಾಗ ಬಟ್ಟಲು ಕೂದಲೆಳೆಯಷ್ಟು ಅಲುಗುತ್ತದೆ. ಸಿಮೆಂಟು ಇದಾವುದಕ್ಕೂ ಬಾಗುವುದಿಲ್ಲ, ಬಿರುಕು ಬಿಡುತ್ತದೆ. ನೀರು ಆ ಬಿರುಕಿನಲ್ಲಿ ಇಳಿದರೆ ತಟ್ಟನೆ ನೆಲಕ್ಕೆ ತೊಟ್ಟಿಕ್ಕುವುದೂ ಇಲ್ಲ. ಕಲ್ಲಿನ ತಳಕ್ಕೆ ಅಂಟಿಕೊಂಡು ಗೋಡೆಯ ಕಡೆಗೆ ಹರಿಯುತ್ತದೆ. ನಮ್ಮ ಆ ಗೋಡೆಯ ಆಚೆಗೆ ವಾಚನಾಲಯದ ಕಪಾಟು. ನಾಲ್ಕು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ದೀಪಾವಳಿಯ ಸ್ವಚ್ಛತೆಗೆ ಕಪಾಟು ತೆರೆದಾಗ ಕೆಳಗಿನ ಎರಡು ಸಾಲು ತೊಯ್ದು ಒಂದಕ್ಕೊಂದು ಅಂಟಿಕೊಂಡಿದ್ದವು. ಜಯದೇವಿತಾಯಿ ಲಿಗಾಡೆಯವರ ಪುಸ್ತಕಗಳು ಅದರಲ್ಲಿದ್ದವು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ನಮ್ಮ ಊರಿನ ತಾಯಿ. ಅವುಗಳ ಬೇರೆ ಪ್ರತಿ ಹುಡುಕಿದರೆ ಎಲ್ಲಿಯಾದರೂ ಸಿಕ್ಕೀತು. ಆದರೆ ಸಂಘದ ಹಳೆಯ ನಡಾವಳಿ ಪುಸ್ತಕಗಳೂ ಅಲ್ಲೇ ಇದ್ದವು. ಕೈಬರಹ, ಮಸಿಯದು. ಜಗತ್ತಿನಲ್ಲಿ ಅವುಗಳ ಇನ್ನೊಂದು ಪ್ರತಿ ಇಲ್ಲ.

ನಮ್ಮ ನಿವೃತ್ತ ಮುಖ್ಯಾಧ್ಯಾಪಕಿ ಅಕ್ಕನವರು ಮೂರು ವಾರ ಕೂತು ಒಂದೊಂದು ಹಾಳೆ ಬಿಡಿಸಿದರು. ಬಿಸಿಲಿಗೆ ಇಡಗೊಡಲಿಲ್ಲ, ಹಾಳೆ ಸುಕ್ಕಾಗುತ್ತದೆ, ಮಸಿ ಮಾಸುತ್ತದೆ ಎಂದರು. ಹಾಳೆಗಳ ನಡುವೆ ಮಸಿಹೀರುವ ಕಾಗದ ಇಟ್ಟು, ಅದನ್ನು ಬದಲಿಸುತ್ತ, ಫ್ಯಾನಿನ ಗಾಳಿಗೆ ಒಣಗಿಸಿದರು. ನನಗೆ ಒಂದೇ ಮಾತು ಅಂದರು: "ಸೆಕ್ರೆಟರಿ ಸಾಹೇಬ್ರ, ಫೈಲಿಗೆ ದಾರ ಕಟ್ಟೋದು ನಿಮಗ ಚಲೋ ಬರ್ತದ. ಸಿಂಕಿನ ಚೀಟಿ ಬರಿಯೂ ಮುಂದ ಸಿಂಕ್ ಒಂದ್ಸಲ ಮಗಚಿ ಹಾಕಿ ನೋಡಬಾರದಿತ್ತೇನ್ರಿ?"

ಸಿಂಕನ್ನು ಮಗಚಿ ನೋಡುವುದು. ಎಲ್ಲ ಕೆಲಸವೂ ಅಲ್ಲಿಂದಲೇ ಶುರುವಾಗಬೇಕು.

ಮಗಚಿದರೆ ಮೂರು ಅಳತೆ ಕಾಣುತ್ತವೆ. ಅಂಚಿನ ಹೊರವ್ಯಾಸ, ಅಂಚಿನ ಕೆಳಗೆ ಬಟ್ಟಲಿನ ಹೊರಮೈಯ ವ್ಯಾಸ, ಮತ್ತು ಬಟ್ಟಲಿನ ಆಳ. ಕಂಡಿಯ ಅಳತೆ ಮೊದಲ ಎರಡರ ನಡುವೆ ಇರಬೇಕು. ನಮ್ಮ ಸಿಂಕಿನದು ಅಂಚು 405, ಬಟ್ಟಲು 365. ಹಾಗಾದರೆ ಕಂಡಿ 385. ಆಗ ಅಂಚು ಸುತ್ತಲೂ ಕಲ್ಲಿನ ಮೇಲೆ 10 ಮಿ.ಮೀ. ಕೂಡ್ರುತ್ತದೆ, ಬಟ್ಟಲಿಗೂ ಕಲ್ಲಿಗೂ ನಡುವೆ 10 ಮಿ.ಮೀ. ಜಾಗ ಉಳಿಯುತ್ತದೆ, ಕೆಳಗಿನಿಂದ ಬಿಗಿಯುವ ಕ್ಲಿಪ್ಪುಗಳಿಗೆ ಆ ಜಾಗ ಬೇಕು. ಡಬ್ಬಿಯಲ್ಲಿ ಕಂಡಿಯ ಆಕಾರದ ಕಾಗದ ಇದ್ದರೆ ಅದನ್ನೇ ಹಿಡಿಯಿರಿ, ಆದರೆ ಅದನ್ನೂ ಸಿಂಕಿನ ಮೇಲೆ ಒಮ್ಮೆ ಇಟ್ಟು ನೋಡಿ. ಇನ್ನೊಂದು ಮಾತು: ಅಳತೆ ಪೂರ್ತಿ ಇಂಚಿನಲ್ಲಿರಲಿ, ಇಲ್ಲವೆ ಪೂರ್ತಿ ಮಿ.ಮೀ.ನಲ್ಲಿರಲಿ. ಗೌಂಡಿ ಇಂಚು ಮತ್ತು ಸೂತಿನಲ್ಲಿ ಲೆಕ್ಕ ಹಾಕುತ್ತಾನೆ, ಡಬ್ಬಿ ಮಿ.ಮೀ.ನಲ್ಲಿ ಹೇಳುತ್ತದೆ, ನಡುವೆ ನಾವು. ಎಲ್ಲಕ್ಕಿಂತ ಒಳ್ಳೆಯದು, ಸಿಂಕನ್ನೇ ಕೊರೆಯುವವನ ಕೈಗೆ ಕೊಡುವುದು.

ಖರೀದಿಯ ಬಗ್ಗೆ ಸ್ವಲ್ಪ. ಅಂಗಡಿಯಲ್ಲಿ ಅಯಸ್ಕಾಂತ ತಗುಲಿಸಿ ತೋರಿಸಿ "ಅಂಟಲಿಲ್ಲ ನೋಡಿ, 304 ಸ್ಟೀಲು" ಎನ್ನುತ್ತಾರೆ. 202 ಎಂಬ ಅಗ್ಗದ ಜಾತಿಗೂ ಅಯಸ್ಕಾಂತ ಅಂಟುವುದಿಲ್ಲ. ಹಾಗಾಗಿ ಆ ಪರೀಕ್ಷೆಯಿಂದ 304 ಎಂದು ಖಾತ್ರಿಯಾಗುವುದಿಲ್ಲ. ಸಿಂಕಿನ ಮೇಲೆ ಜಾತಿ ಮುದ್ರೆ ಇದೆಯೇ, ಬಿಲ್ಲಿನಲ್ಲಿ ಬರೆದುಕೊಡುತ್ತಾರೆಯೇ ನೋಡಿ. ತಳವನ್ನು ಹೆಬ್ಬೆರಳಿನಿಂದ ಒತ್ತಿದರೆ ಡಬಡಬ ಎನ್ನಬಾರದು.

ಎರಡನೆಯ ಸಲ ನಾವು ಕಡಪಾದ ಆ ತುಂಡನ್ನೇ ತೆಗೆಸಿ, ಗ್ರಾನೈಟ್ ಅಂಗಡಿಯಲ್ಲಿ ಉಳಿದಿದ್ದ ಮೂರು ಅಡಿಯ ತುಂಡು ತಂದೆವು. ಕಡಪಾ ಕೆಟ್ಟ ಕಲ್ಲೆಂದು ಇದರರ್ಥವಲ್ಲ. ನಮ್ಮ ಕಡೆ ನೆಲಕ್ಕೆಲ್ಲ ಹಾಸಿರುವ ಶಹಾಬಾದ ಫರ್ಶಿಯಂತೆ ಅದೂ ಸುಣ್ಣದ ಕಲ್ಲು, ಪದರು ಪದರಾಗಿರುತ್ತದೆ. ಕೊರೆಯುವಾಗ ಅಂಚಿನಲ್ಲಿ ಚಕ್ಕೆ ಏಳುತ್ತದೆ. ಆ ಸುಣ್ಣದ ಗುಣದಿಂದ ಇನ್ನೊಂದು ತೊಂದರೆಯಾಯಿತು, ಅದನ್ನು ಮುಂದೆ ಹೇಳುತ್ತೇನೆ.

ಕಂಡಿ ಎಲ್ಲಿ ಬರಬೇಕು ಎಂಬುದನ್ನು ಮೇಲಿನಿಂದ ನೋಡಿ ನಿರ್ಧರಿಸಬಾರದು. ಕಟ್ಟೆಯ ಕೆಳಗೆ ಕೂತು ನೋಡಬೇಕು. ಅಲ್ಲಿ ನಿಲ್ಲಿಸಿದ ಆಸರೆ ಕಲ್ಲು ಇರುತ್ತದೆ, ಕಪಾಟಿನ ಚೌಕಟ್ಟು ಇರುತ್ತದೆ, ಗ್ಯಾಸಿನ ನಳಿಗೆ ಇರುತ್ತದೆ. ಬಟ್ಟಲು ಅವುಗಳಿಗೆ ತಾಗಬಾರದು. ಮುಂಭಾಗದಲ್ಲಿ ಸಿಂಕಿನ ಅಂಚಿಗೂ ಕಟ್ಟೆಯ ಅಂಚಿಗೂ ನಡುವೆ ಮೂರು ಇಂಚಾದರೂ ಬಿಡಿ. ಕಂಡಿ ಕೊರೆದ ಮೇಲೆ ಇಡೀ ಕಲ್ಲಿನಲ್ಲಿ ಬಹಳ ದುರ್ಬಲವಾದ ಜಾಗ ಆ ಮುಂಭಾಗದ ಪಟ್ಟಿ, ಎಲ್ಲರೂ ಹೊಟ್ಟೆ ಆನಿಸಿ ನಿಲ್ಲುವುದೂ ಅಲ್ಲಿಯೇ. ದುಂಡು ಸಿಂಕಿಗೆ ಇಲ್ಲಿ ಒಂದು ಅನುಕೂಲ ಇದೆ. ಚೌಕ ಕಂಡಿಯಲ್ಲಿ ಬಿರುಕು ಯಾವಾಗಲೂ ಮೂಲೆಯಿಂದ ಹುಟ್ಟುತ್ತದೆ, ಭಾರವೆಲ್ಲ ಅಲ್ಲಿ ಬಂದು ಸೇರುತ್ತದೆ. ದುಂಡಿಗೆ ಮೂಲೆಯೇ ಇಲ್ಲ.

ಈಗ ನಳದ ಲೆಕ್ಕ. ಸಣ್ಣ ಸಿಂಕಿನಲ್ಲಿ ಎಲ್ಲರೂ ಎಡವುವುದು ಇಲ್ಲಿ. ಕಟ್ಟೆ 600 ಮಿ.ಮೀ. ಅಗಲ, ಮುಂದೆ 75 ಬಿಟ್ಟಿರಿ, ಸಿಂಕು 405. ಹಿಂದೆ ಉಳಿದದ್ದು 120. ಗೋಡೆಯ ಟೈಲ್ಸು ಅದರಲ್ಲಿ 10 ತಿನ್ನುತ್ತದೆ. ಉಳಿದ 110ರ ನಡುವೆ ನಳದ ತೂತು ಕೊರೆದರೆ, ಅದರಿಂದ ಸಿಂಕಿನ ನಡುಬಿಂದುವಿಗೆ ಸುಮಾರು 258 ಮಿ.ಮೀ., ಅಂದರೆ ಹತ್ತು ಇಂಚು. ನೀವು ತಂದ ನಳದ ಕೊಕ್ಕು ಆರು ಇಂಚು ಮುಂದೆ ಚಾಚಿದ್ದರೆ ನೀರು ಬೀಳುವುದು ನಡುವಿನಲ್ಲಿ ಅಲ್ಲ, ಹಿಂಬದಿಯ ಇಳಿಜಾರಿನ ಮೇಲೆ. ದುಂಡು ಬಟ್ಟಲಿನ ಆ ಇಳಿಜಾರಿನ ಮೇಲೆ ಬಿದ್ದ ನೀರು ನೇರವಾಗಿ ನಿಮ್ಮ ಅಂಗಿಯ ಮೇಲೆ ಹಾರುತ್ತದೆ. ಎಂಟು ಇಂಚಿಗೂ ಮೇಲೆ ಚಾಚುವ, ಹಂಸದ ಕತ್ತಿನ ನಳ ಹುಡುಕಿ. ಸಿಕ್ಕದಿದ್ದರೆ ಗೋಡೆಯಿಂದ ಹೊರಡುವ ಉದ್ದ ನಳ ಹಾಕಿಸಿ, ಆಗ ಕಲ್ಲಿಗೆ ಎರಡನೆಯ ತೂತೂ ಉಳಿಯುತ್ತದೆ.

ನಳದ ಒತ್ತಡದ ಮಾತೂ ಇದೆ. ನಮ್ಮ ಊರಲ್ಲಿ ನಗರದ ನೀರು ದಿನಾಲು ಬರುವುದಿಲ್ಲ, ಬಂದಾಗ ಟಾಕಿಗೆ ಏರಿಸಿ ಇಟ್ಟುಕೊಳ್ಳುತ್ತೇವೆ. ಟಾಕಿಯಿಂದ ಇಳಿಯುವ ನೀರಿಗೆ ಮೀಟರಿಗೆ 0.1 ಬಾರ್ ಒತ್ತಡ ಮಾತ್ರ. ಒಂದು ಅಂತಸ್ತಿನ ಮಾಳಿಗೆಯ ಟಾಕಿ ಮೂರು ಮೀಟರ್ ಮೇಲಿದ್ದರೆ 0.3 ಬಾರ್. ಬಿಸಿ ತಣ್ಣನೆ ಎರಡೂ ಒಂದೇ ಹಿಡಿಕೆಯಲ್ಲಿ ಬರುವ ದುಬಾರಿ ಮಿಕ್ಸರ್ ನಳಗಳಿಗೆ ಇದು ಸಾಲುವುದಿಲ್ಲ, ದಾರದಂತೆ ನೀರು ಇಳಿಯುತ್ತದೆ. ಕಾಲು ಸುತ್ತಿಗೆ ತೆರೆಯುವ ಸಾದಾ ನಳವೇ ಸಾಕು. ಕೆಳಗೆ ಒಂದು ಆಂಗಲ್ ಕಾಕ್ ಮಾತ್ರ ತಪ್ಪಿಸಬೇಡಿ. ನಳ ಕೆಟ್ಟ ದಿನ ಇಡೀ ಟಾಕಿ ಖಾಲಿ ಮಾಡುವುದು ತಪ್ಪುತ್ತದೆ.

ಕೊರೆಯುವ ಕೆಲಸ ನಾವು ನೀವು ಮಾಡುವುದಲ್ಲ, ಆದರೆ ಹತ್ತಿರ ನಿಂತು ನೋಡುವುದು ನಮ್ಮ ಕೆಲಸ. ಗುರುತಿಗೆ ದಾರ ಕಟ್ಟಿದರೆ ಅದು ಹಿಗ್ಗುತ್ತದೆ. ಸಣ್ಣ ಕಟ್ಟಿಗೆ ಪಟ್ಟಿಗೆ ಒಂದು ಮೊಳೆ, ಅದರಿಂದ 192 ಮಿ.ಮೀ. ದೂರಕ್ಕೆ ಪೆನ್ಸಿಲ್ ತೂತು, ಇದೇ ನಮ್ಮ ಕೈವಾರ. ಕಲ್ಲಿಗೆ ಅಂಟುಪಟ್ಟಿ ಹಚ್ಚಿ ಅದರ ಮೇಲೆ ಗೆರೆ ಎಳೆದರೆ ನೀರಿಗೆ ಅಳಿಸುವುದಿಲ್ಲ, ಚಕ್ಕೆಯೂ ಕಡಿಮೆ ಏಳುತ್ತದೆ. ವಜ್ರದ ಬ್ಲೇಡು ನೇರವಾದದ್ದು, ಗೆರೆ ದುಂಡು. ಆದ್ದರಿಂದ ಒಂದೇ ಸಲಕ್ಕೆ ಆಳಕ್ಕೆ ಇಳಿಸಬಾರದು. ಗೆರೆಯ ಮೇಲೆ ಮೂರ್ನಾಲ್ಕು ಮಿ.ಮೀ. ಆಳ, ಮತ್ತೆ ಅಷ್ಟೇ, ಹೀಗೆ ಸುತ್ತು ಸುತ್ತಾಗಿ ಇಳಿಸಬೇಕು. ಕೊರೆದ ತುಂಡು ಬೀಳದಂತೆ ಕೆಳಗೆ ಹಲಗೆಯ ಆಸರೆ ಮೊದಲೇ ಇರಬೇಕು. ಇಲ್ಲದಿದ್ದರೆ ಕೊನೆಗೆ ತುಂಡು ತನ್ನ ಭಾರಕ್ಕೆ ಮುರಿಯುವಾಗ ಒಳ್ಳೆಯ ಕಲ್ಲನ್ನೂ ಕಚ್ಚಿಕೊಂಡು ಹೋಗುತ್ತದೆ. ಹತ್ತಿರ ಒಬ್ಬ ಬಾಟಲಿಯಿಂದ ನೀರು ಹನಿಸುತ್ತಿರಲಿ. ಗ್ರಾನೈಟಿನ ಒಣ ಧೂಳು ಶ್ವಾಸಕೋಶಕ್ಕೆ ಸೇರಿದರೆ ಹೊರಗೆ ಬರುವುದಿಲ್ಲ. ಕೊರೆಯುವ ಹುಡುಗರು ಮುಖಕ್ಕೆ ಟವೆಲ್ ಕಟ್ಟಿಕೊಂಡು ಸಾಕು ಎನ್ನುತ್ತಾರೆ, ಸಾಲದು. ಸರಿಯಾದ ಮಾಸ್ಕು ಮತ್ತು ಕನ್ನಡಕ ನೀವೇ ತಂದು ಕೊಡಿ. ನೀರು ಮತ್ತು ಕರೆಂಟು ಒಂದೇ ಕಡೆ ಇರುವುದರಿಂದ ಸೋರಿಕೆಗೆ ತಾನಾಗಿ ಬೀಳುವ ಸ್ವಿಚ್ಚು ಇರುವ ಪಾಯಿಂಟಿನಿಂದಲೇ ವಯರು ಎಳೆಯಲಿ.

ನಾವು ಅಂಗಡಿಯಲ್ಲೇ ಕೊರೆಸಿ ತಂದೆವು. ಧೂಳೆಲ್ಲ ಅಲ್ಲಿಯೇ ಉಳಿಯಿತು, ದುಂಡೂ ನೀಟಾಗಿ ಬಂತು. ಆದರೆ ಕಂಡಿ ಬಿದ್ದ ಕಲ್ಲನ್ನು ಹೊರುವುದು ಬಹಳ ನಾಜೂಕಿನ ಕೆಲಸ. ಅಡ್ಡ ಮಲಗಿಸಿ ಹೊತ್ತರೆ ಮುಂಭಾಗದ ಪಟ್ಟಿ ಪಟ್ಟನೆ ಮುರಿಯುತ್ತದೆ. ಬಾಗಿಲು ಹೊತ್ತಂತೆ ಲಂಬವಾಗಿ, ಅಗಲದ ಬದಿ ಕೆಳಗೆ ಬರುವಂತೆ ಹಿಡಿದು ತರಬೇಕು. ಕಟ್ಟೆ ಪ್ಲಾಯ್‌ವುಡ್ಡಿನದಾದರೆ ಕೆಲಸ ಸುಲಭ, ಜಿಗ್‌ಸಾ ಸಾಕು. ಕೊಯ್ದ ಒಳಬದಿಗೆ ಮಾತ್ರ ಎರಡು ಕೈ ವಾರ್ನಿಶು ಕುಡಿಸಿ, ಇಲ್ಲದಿದ್ದರೆ ಒಂದು ಮಳೆಗಾಲದಲ್ಲಿ ಉಬ್ಬುತ್ತದೆ.

ಇನ್ನು ಸಿಲಿಕೋನು. ಮೊದಲ ಸಲ ನಾನು ಅಗ್ಗದ ಕೊಳವೆ ತಂದಿದ್ದೆ. ಹಿಂಡುವಾಗ ಉಪ್ಪಿನಕಾಯಿ ಹುಳಿಯಂಥ ಘಾಟು ಬಂತು. ಅದು ಒಣಗುವಾಗ ಹೊರಬರುವ ಆಸಿಟಿಕ್ ಆಮ್ಲದ ವಾಸನೆ, ವಿನೆಗರಿನಲ್ಲಿ ಇರುವುದೂ ಅದೇ. ಸುಣ್ಣದ ಕಲ್ಲಿಗೆ ಹುಳಿ ಬಿದ್ದರೆ ಕಲ್ಲು ಕೊರೆಯುತ್ತದೆ; ಕಡಪಾ ಕಟ್ಟೆಯ ಮೇಲೆ ಲಿಂಬೆಹಣ್ಣು ಕೊಯ್ದಲ್ಲಿ ಬಿಳಿ ಕಲೆ ಆಗುವುದು ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು. ಸಿಂಕಿನ ಸುತ್ತ ಅಂಥದ್ದೇ ಬಿಳಿ ಉಂಗುರ ಮೂಡಿತು. ಅದರ ಮೇಲೆ ಕಡಪಾ ಕಪ್ಪಗೆ ಹೊಳೆಯಲೆಂದು ನಾವು ವರ್ಷಗಟ್ಟಲೆ ಎಣ್ಣೆ ಒರೆಸಿದ್ದೆವು. ಎಣ್ಣೆಯ ಮೇಲೆ ಸಿಲಿಕೋನು ಹಿಡಿಯುವುದೇ ಇಲ್ಲ. ಕಡಪಾ, ಶಹಾಬಾದ, ಸಂಗಮರವರಿ ಯಾವುದೇ ಇರಲಿ, ಕೊಳವೆಯ ಮೇಲೆ "ನ್ಯೂಟ್ರಲ್" ಎಂದು ಬರೆದದ್ದನ್ನೇ ಕೇಳಿ ತನ್ನಿ. ಗ್ರಾನೈಟಿಗೆ ಆ ಹುಳಿ ಏನೂ ಮಾಡದು, ಆದರೂ ಪಕ್ಕದಲ್ಲಿ ಕಡಪಾ ಉಳಿದಿದ್ದರಿಂದ ನಾವು ನ್ಯೂಟ್ರಲನ್ನೇ ಹಾಕಿದೆವು. ಕಲ್ಲಿನ ಎಣ್ಣೆಯನ್ನು ಸೋಪಿನ ನೀರಿನಿಂದ ತೊಳೆದು, ಒಣಗಿಸಿ, ಕೊನೆಗೆ ಸ್ಪಿರಿಟಿನಿಂದ ಒರೆಸಿ.

ಸಿಂಕನ್ನು ಕಂಡಿಗೆ ಇಳಿಸುವ ಮುಂಚೆ ನೀರು ಹೋಗುವ ವೇಸ್ಟ್ ಕಪ್ಲಿಂಗನ್ನು ಅದಕ್ಕೆ ಜೋಡಿಸಿಬಿಡಿ. ಮೇಜಿನ ಮೇಲೆ ಎರಡು ನಿಮಿಷದ ಕೆಲಸ, ಕಟ್ಟೆಯ ಕೆಳಗೆ ಮಲಗಿ ಮಾಡಿದರೆ ಅರ್ಧ ತಾಸು, ಆಮೇಲೆ ನಮ್ಮ ವಯಸ್ಸಿನವರಿಗೆ ಎದ್ದೇಳುವ ಪ್ರಶ್ನೆ. ಅಂಚಿನ ಕೆಳಗೆ ಸಿಲಿಕೋನನ್ನು ಎಲ್ಲಿಯೂ ಕಡಿಯದಂತೆ ಒಂದೇ ಸುತ್ತು ಎಳೆದು, ಸಿಂಕನ್ನು ನೇರ ಇಳಿಸಿ ಒತ್ತಿ. ಕ್ಲಿಪ್ಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ತೆಳುವಾದ ಅಂಚು ಎದುರುಗಡೆ ಎದ್ದು ನಿಲ್ಲುತ್ತದೆ. ಹೊರಗೆ ಉಕ್ಕಿದ್ದನ್ನು ಆಗಲೇ ಒರೆಸಿ. ಒಂದು ದಿನ ಪೂರ್ತಿ ನೀರು ಮುಟ್ಟಿಸಬೇಡಿ.

ಕೆಳಗಿನ ಪೈಪಿನ ಬಗ್ಗೆ ಎರಡೇ ಮಾತು. ಸುರುಳಿಯಂತೆ ಹಿಗ್ಗುವ ಪ್ಲಾಸ್ಟಿಕ್ ಪೈಪು ಜೋತು ಬಿದ್ದು ಹೊಟ್ಟೆ ಕಟ್ಟುತ್ತದೆ, ಚಹಾಪುಡಿ ಅಲ್ಲಿ ಕೊಳೆಯುತ್ತದೆ. ಗಟ್ಟಿ ಪೈಪು ಹಾಕಿ, ಅಡಿಗೆ ಕಾಲು ಇಂಚಿನಂತೆ ಇಳಿಜಾರು ಕೊಡಿ. ಬಾಟಲ್ ಟ್ರ್ಯಾಪು ಇರಲೇಬೇಕು. ಅದರಲ್ಲಿ ನಿಂತ ಎರಡು ಇಂಚು ನೀರೇ ಗಟಾರದ ವಾಸನೆಯನ್ನೂ ಜಿರಳೆಯನ್ನೂ ತಡೆಯುವ ಬಾಗಿಲು. ನಮ್ಮ ಸಭಾಗೃಹ ತೆರೆಯುವುದು ರವಿವಾರಕ್ಕೊಮ್ಮೆ. ಸೊಲ್ಲಾಪುರದ ಬೇಸಿಗೆ 40 ಡಿಗ್ರಿ ದಾಟಿತೆಂದರೆ ಆ ನೀರು ಆವಿಯಾಗಿ ಬಾಗಿಲು ತೆರೆದುಕೊಳ್ಳುತ್ತದೆ. ಆದ್ದರಿಂದ ಬೀಗ ಹಾಕುವವರು ಹೊರಡುವ ಮುನ್ನ ಒಂದು ಚೊಂಬು ನೀರು ಸಿಂಕಿಗೆ ಸುರಿದು ಹೋಗಬೇಕು. ಇದನ್ನು ಬೀಗದ ಮೇಲಿನ ಚೀಟಿಯಲ್ಲಿ ಬರೆದಿದ್ದೇನೆ, ಈ ಚೀಟಿ ಸರಿಯಾಗಿದೆ.

ಮರುದಿನ ಪರೀಕ್ಷೆ. ಕೆಳಗೆ ಹಳೆಯ ದಿನಪತ್ರಿಕೆ ಹಾಸಿ, ಬಾಯಿ ಮುಚ್ಚಿ ಸಿಂಕನ್ನು ತುಂಬಿ, ಅರ್ಧ ತಾಸು ಬಿಟ್ಟು, ಒಮ್ಮೆಲೇ ಬಿಡಿ. ಹನಿ ಬಿದ್ದಲ್ಲಿ ಕಾಗದ ಕಪ್ಪಾಗುತ್ತದೆ, ಎಲ್ಲಿಂದ ಎಂದು ಅದೇ ಹೇಳುತ್ತದೆ. ಬಳಿಕ ಒದ್ದೆ ಬಟ್ಟೆಯನ್ನು ಅಂಚಿನ ಸುತ್ತ ಹಿಂಡಿ, ಕಲ್ಲಿನ ತಳವನ್ನು ಕೈಯಿಂದ ಮುಟ್ಟಿ ನೋಡಿ. ನೋಡಿದರೆ ಕಾಣುವುದಿಲ್ಲ, ಮುಟ್ಟಿದರೇ ತಿಳಿಯುವುದು. ಈ ಎರಡನೆಯ ಪರೀಕ್ಷೆ ನಾವು ಮೊದಲ ಸಲ ಮಾಡಿದ್ದರೆ ಇಷ್ಟೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಪೈಪಿನ ಕೆಳಗೆ ಬಕೀಟು ಇಟ್ಟರೆ ಆ ನೀರು ಅಂಗಳದ ಗಿಡಕ್ಕಾದರೂ ಆಗುತ್ತದೆ.

ಈಗ ಸಿಂಕು ಇರುವುದು ಎದುರಿನ ಗೋಡೆಗೆ, ಅದರ ಆಚೆ ಅಂಗಳ. ಪುಸ್ತಕದ ಗೋಡೆಯಲ್ಲಿ ನೀರಿನ ಪೈಪು ಒಂದೂ ಇಲ್ಲ. ಕಪಾಟನ್ನು ಗೋಡೆಯಿಂದ ಎರಡು ಇಂಚು ಮುಂದೆ ಸರಿಸಿ, ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದೇವೆ. ಮೊದಲ ಸಲ ಉಳಿಸಿದೆವೆಂದುಕೊಂಡ ಹಣಕ್ಕೆ ಮೂರು ಪಟ್ಟು ಎರಡನೆಯ ಸಲ ಹೋಯಿತು. ವೌಚರುಗಳು ಕಚೇರಿಯಲ್ಲಿವೆ, ಯಾರು ಬೇಕಾದರೂ ನೋಡಬಹುದು.

ನಡಾವಳಿ ಪುಸ್ತಕಗಳಲ್ಲಿ ಒಂದರ ಮೊದಲ ಹದಿನಾರು ಹಾಳೆಗಳು ಉಳಿಯಲಿಲ್ಲ. ಉಳಿದವುಗಳ ಫೋಟೊ ತೆಗೆದು ಕಂಪ್ಯೂಟರಿಗೆ ಏರಿಸುವ ಕೆಲಸ ನಡೆದಿದೆ. ಹಳೆಯ ಕೈಬರಹ ಓದಬಲ್ಲವರು, ಮೊಬೈಲಿನಲ್ಲಿ ನಡುಗದೆ ಫೋಟೊ ತೆಗೆಯಬಲ್ಲ ಮೊಮ್ಮಕ್ಕಳಿರುವವರು, ರವಿವಾರ ಬೆಳಿಗ್ಗೆ ಹತ್ತಕ್ಕೆ ವಾಚನಾಲಯಕ್ಕೆ ಬರಬೇಕೆಂದು ವಿನಂತಿ. ನವೆಂಬರ ಒಂದರ ರಾಜ್ಯೋತ್ಸವದೊಳಗೆ ಮುಗಿಸುವ ಇರಾದೆ ಇದೆ. ಚಹಾ ಇರುತ್ತದೆ. ಕಪ್ಪು ತೊಳೆಯುವಾಗ ಚರಟವನ್ನು ಸಿಂಕಿಗೆ ಸುರಿಯದೆ ಪಕ್ಕದ ಡಬ್ಬಿಗೆ ಹಾಕಿರಿ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ